ನೆಗೆಟಿವ್‌ಗಳನ್ನು ತೂಕಕ್ಕೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಹಳೇ ಪೇಪರ್ ಹಾಕಲು ನಮ್ಮ ಗಂಗಾವತಿಯ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದಿದ್ದ ಹುಡುಗನೊಬ್ಬ ಕಾಟಾದ ಮೇಲೆ ಎರಡು ಗೊಬ್ಬರದ ಚೀಲ ಇಟ್ಟಿದ್ದ. ಒಂದರ ಬಾಯಿ ಬಿಚ್ಚಿಕೊಂಡಿತ್ತು. ಒಳಗೆ ಕರೀ ಪಟ್ಟಿಗಳು. ಬಗ್ಗಿ ನೋಡಿದೆ, ಪೂರಾ ಫೋಟೊ ನೆಗೆಟಿವ್. ಯಾರದೋ ಸ್ಟುಡಿಯೊ ಮುಚ್ಚಿತ್ತಂತೆ, ಮಳಿಗೆ ಖಾಲಿ ಮಾಡಿಕೊಡಬೇಕಿತ್ತಂತೆ.

"ಇದನ್ನ ಏನು ಮಾಡ್ತೀರಿ?" ಅಂತ ಅಂಗಡಿಯವರನ್ನು ಕೇಳಿದೆ.

"ಎಕ್ಸ್‌ರೇ ಫಿಲ್ಮಿನ ಜೋಡಿ ಹೋಗ್ತೈತ್ರೀ ಸರ್. ಅದ್ರಾಗ ಬೆಳ್ಳಿ ತೆಗೀತಾರಂತ" ಅಂದರು.

ಸುಳ್ಳಲ್ಲ. ಕಪ್ಪು ಬಿಳುಪು ಫಿಲ್ಮಿನಲ್ಲಿ ಕಪ್ಪಗೆ ಕಾಣುವುದೆಲ್ಲ ಬೆಳ್ಳಿಯ ಕಣವೇ. ಆದರೆ ನಾನು ಕೈಗೆ ತೆಗೆದುಕೊಂಡ ಮೊದಲ ಪಟ್ಟಿಯಲ್ಲಿ ಬಾಸಿಂಗ ಕಟ್ಟಿಕೊಂಡ ಒಂದು ಜೋಡಿ ಇತ್ತು. ಅವರ ಹಿಂದೆ ಸ್ಟುಡಿಯೊದವರು ಬರೆಸಿದ ತೆಂಗಿನ ಮರದ ಪರದೆ. ತೂಕಕ್ಕೆ ಹೋಗುತ್ತಿದ್ದದ್ದು ಅದು. ಗುಜರಿಯವರು ಹುಡುಗನಿಗೆ ಕೊಡಬೇಕಿದ್ದ ದುಡ್ಡಿನ ಮೇಲೆ ನೂರು ರೂಪಾಯಿ ಜಾಸ್ತಿ ಕೊಟ್ಟು ಎರಡೂ ಚೀಲ ಸ್ಕೂಟರ್ ಮೇಲೆ ಹಾಕಿಕೊಂಡು ಬಂದೆ. ಮನೆಯಾಕೆ ಬಾಗಿಲಲ್ಲೇ ನಿಂತು, "ನಮ್ಮನೀವೇ ಇನ್ನೂ ಮುಗದಿಲ್ಲ, ಊರಿನವೆಲ್ಲಾ ಯಾಕ್ರೀ ತಂದ್ರಿ?" ಅಂದಳು. ಆಕೆ ಹೇಳಿದ್ದೂ ಸರಿಯೇ. ಈ ಪತ್ರ ಬರೆಯುತ್ತಿರುವುದು ಆ ಎರಡು ಚೀಲದ ನೆವದಿಂದ.

ನಾನು ಈ ಊರಲ್ಲಿ ಮೂವತ್ತು ವರ್ಷ ಜೆರಾಕ್ಸ್, ಡಿಟಿಪಿ ಅಂಗಡಿ ನಡೆಸಿದವನು. ಈಗ ಮಗನಿಗೆ ಬಿಟ್ಟಿದ್ದೇನೆ. ಅಪ್ಪ ಇಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಸಂಬಳ ಕಡಿಮೆ, ಹುಚ್ಚು ಜಾಸ್ತಿ. ಯಾರ ಹತ್ತಿರವೋ ಹಳೇ ಆಗ್ಫಾ ಕ್ಲಿಕ್ ಕ್ಯಾಮೆರಾ ಕೊಂಡಿದ್ದ. ಅದರಲ್ಲಿ ಬಿಸಿಲಿಗೆ ಸೂರ್ಯನ ಗುರುತು, ಮೋಡಕ್ಕೆ ಮೋಡದ ಗುರುತು. ತಿರುಗಿಸಲು ಹೆಚ್ಚೇನೂ ಇರಲಿಲ್ಲ. ಒಂದು ರೀಲಿಗೆ ಹನ್ನೆರಡು ಚೌಕ ಫೋಟೊ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಂಪನಿಯ 'ಇಂದು' ರೀಲು ಸಿಕ್ಕರೆ ಅದು, ಇಲ್ಲದಿದ್ದರೆ ಪೂರ್ವ ಜರ್ಮನಿಯ ಓರ್ವೊ. ಹನ್ನೆರಡು ಮುಗಿಯಲು ಕೆಲವು ಸಲ ಆರು ತಿಂಗಳು ಹಿಡಿಯುತ್ತಿತ್ತು. ಒಂದೇ ರೀಲಿನಲ್ಲಿ ಉಗಾದಿಯೂ ಇದೆ, ದೀಪಾವಳಿಯೂ ಇದೆ. ಪ್ರಿಂಟ್ ಹಾಕಿಸಿದ್ದು ಮಾತ್ರ ಎರಡೋ ಮೂರೋ. ಉಳಿದವನ್ನು ನಾವು ಯಾರೂ ಕಾಗದದ ಮೇಲೆ ನೋಡಿಯೇ ಇರಲಿಲ್ಲ.

ಚಿಕ್ಕವರಿದ್ದಾಗ ಆ ಪಟ್ಟಿಗಳನ್ನು ಟ್ಯೂಬ್‌ಲೈಟಿಗೆ ಹಿಡಿದು "ದೆವ್ವ, ದೆವ್ವ" ಅಂತ ಕಿರುಚುತ್ತಿದ್ದೆವು. ಅವ್ವನ ಕರೀ ಕೂದಲು ಬೆಳ್ಳಗೆ, ಹಲ್ಲು ಕರ್ರಗೆ.

ಅಪ್ಪ ಹೋದ ಮೇಲೆ ಆ ನೆಗೆಟಿವ್ ಇಟ್ಟಿದ್ದ ಟ್ರಂಕು ತಗಡಿನ ಶೆಡ್ಡಿನ ಅಟ್ಟಕ್ಕೆ ಹೋಯಿತು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ತಗಡಿನ ಕೆಳಗೆ ಎಷ್ಟು ಕಾಯುತ್ತದೆ ಅಂತ ನಿಮ್ಮ ಓದುಗರಿಗೆ ಹೇಳಬೇಕಿಲ್ಲ ಅಲ್ವಾ. ಇಪ್ಪತ್ತು ವರ್ಷ ಅಲ್ಲೇ ಇತ್ತು. ಕೆಳಗಿಳಿಸಿ ಮುಚ್ಚಳ ತೆಗೆದರೆ ಗೋಬಿ ಮಂಚೂರಿ ಗಾಡಿಯ ಹತ್ತಿರ ಬರುತ್ತದಲ್ಲ, ಅಂಥಾ ಹುಳಿ ವಾಸನೆ ಮೂಗಿಗೆ ಹೊಡೆಯಿತು. ವಿನೆಗರ್ ವಾಸನೆ. ಇಲಿ ಏನಾದರೂ ಸತ್ತಿದೆಯೇನೋ ಅಂದುಕೊಂಡೆ.

ಅದು ಫಿಲ್ಮಿನದೇ ವಾಸನೆ. ಆ ಕಾಲದ ಬಹಳಷ್ಟು ಫಿಲ್ಮಿನ ತಳ ಅಸಿಟೇಟ್ ಅನ್ನುವ ಪ್ಲಾಸ್ಟಿಕ್. ಕಾವು, ತೇವ ಎರಡೂ ಸೇರಿದರೆ ಅದು ಒಳಗೊಳಗೇ ಒಡೆದು ಅಸಿಟಿಕ್ ಆಸಿಡ್ ಬಿಡುತ್ತದೆ. ವಿನೆಗರ್‌ನಲ್ಲಿ ಇರುವುದೂ ಅದೇ. ಹೊರಬಂದ ಆಸಿಡ್ ಮತ್ತೆ ಒಡೆಯುವುದನ್ನೇ ಜೋರು ಮಾಡುತ್ತದೆ. ಪಕ್ಕದ ಒಳ್ಳೇ ಫಿಲ್ಮಿಗೂ ಹತ್ತುತ್ತದೆ. ಮುಚ್ಚಿದ ಡಬ್ಬಿಯಲ್ಲಿದ್ದರೆ ಇನ್ನೂ ಬೇಗ. ಪಟ್ಟಿ ಕುಗ್ಗುತ್ತದೆ, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಕೊನೆಗೆ ಮೇಲಿನ ಪದರ ತಳ ಬಿಟ್ಟು ಮಡಿಕೆ ಮಡಿಕೆಯಾಗಿ ಏಳುತ್ತದೆ. ಒಂದು ಸಲ ಶುರುವಾದರೆ ವಾಪಸ್ ಮಾಡಲು ಬರುವುದಿಲ್ಲ, ನಿಧಾನ ಮಾಡಬಹುದು ಅಷ್ಟೇ. ಹಾಗಾಗಿ ನನ್ನ ಮೊದಲ ಮಾತು ಇದು: ಟ್ರಂಕು ತೆಗೆದಾಗ ಮೂಸಿ ನೋಡಿ. ಹುಳಿ ವಾಸನೆ ಬರುವುದನ್ನು ಬೇರೆ ಇಡಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ. ಮದುವೆ ಆಲ್ಬಮ್ಮು ಆಮೇಲೆ ಆದರೂ ನಡೆಯುತ್ತದೆ.

ಎರಡನೇ ಮಾತು ನನ್ನ ತಪ್ಪಿನದು. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

ಅಪ್ಪನ ತಾಯಿಯದು, ಅಂದರೆ ನಮ್ಮ ಅಜ್ಜಿಯದು, ಒಂದೇ ಒಂದು ನೆಗೆಟಿವ್ ಇತ್ತು. ಪ್ರಿಂಟ್ ಇಲ್ಲ. ಅಜ್ಜಿ ಕಟ್ಟೆ ಮೇಲೆ ಕಾಲು ಚಾಚಿ ಕೂತು ಶೇಂಗಾ ಬಿಡಿಸುತ್ತಿದ್ದಾಳೆ. ನೆಗೆಟಿವ್ ತುಂಬ ಜೇಡರ ಬಲೆಯ ಹಾಗೆ ಬೂಷ್ಟು ಹಿಡಿದಿತ್ತು. ನಾನು ಜಾಣ ಅಲ್ವಾ, ತೊಳೆದರೆ ಹೋಗುತ್ತದೆ ಅಂದುಕೊಂಡೆ. ಸ್ಟುಡಿಯೊದವರು ರೀಲು ತೊಳೆಯುವುದನ್ನು ನೋಡಿದ್ದೆನಲ್ಲ. ಸ್ಟೀಲ್ ತಾಟಿನಲ್ಲಿ ನಲ್ಲಿ ನೀರು ಹಿಡಿದು ಅದರಲ್ಲಿ ಬಿಟ್ಟೆ. ಮಧ್ಯಾಹ್ನ ಎರಡು ಗಂಟೆ, ಮೇಲಿನ ಟ್ಯಾಂಕಿನ ನೀರು ಸ್ನಾನಕ್ಕೆ ಕಾಯಿಸಿದ ಹಾಗಿತ್ತು. ಬೆರಳಿನಿಂದ ಮೆಲ್ಲಗೆ ಸವರಿದೆ. ಅಜ್ಜಿ ಹಾಲಿನ ಕೆನೆಯ ಹಾಗೆ ಜರುಗಿದಳು. ಚಿತ್ರ ಇರುವುದು ಜೆಲಟಿನ್ ಪದರದಲ್ಲಿ. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗುತ್ತದೆ. ಅದು ನನಗೆ ಗೊತ್ತಾಗುವಷ್ಟರಲ್ಲಿ ಕೈಯಲ್ಲಿ ಬರೀ ತಳದ ಪ್ಲಾಸ್ಟಿಕ್ಕು ಉಳಿದಿತ್ತು, ತಾಟಿನ ತಳದಲ್ಲಿ ಬೂದು ಬಣ್ಣದ ಲೋಳೆ. ಸ್ವಲ್ಪ ಹೊತ್ತು ಆ ನೀರನ್ನು ಚೆಲ್ಲಲು ಮನಸ್ಸೇ ಬರಲಿಲ್ಲ.

ಬೂಷ್ಟು ಇದ್ದರೆ ನೀರು ಮುಟ್ಟಿಸಬೇಡಿ. ಮೊದಲು ಹೇಗಿದೆಯೋ ಹಾಗೇ ಸ್ಕ್ಯಾನ್ ಮಾಡಿ. ಬೂಷ್ಟಿನ ಸಮೇತವೇ ಅಜ್ಜಿ ಉಳಿಯುತ್ತಿದ್ದಳು.

ಇನ್ನು ಸ್ಕ್ಯಾನಿನ ವಿಷಯ. ಅಂಗಡಿಯ ಮಾಮೂಲಿ ಸ್ಕ್ಯಾನರ್‌ನಲ್ಲಿ ನೆಗೆಟಿವ್ ಇಟ್ಟರೆ ಕರೀ ಚೌಕ ಬಿಟ್ಟು ಏನೂ ಬರುವುದಿಲ್ಲ. ನಾನೂ ಮೊದಲ ದಿನ ಹಾಗೇ ಮಾಡಿದ್ದೆ. ಆ ಯಂತ್ರ ಕಾಗದಕ್ಕೆ ಬೆಳಕು ಬಡಿದು ವಾಪಸ್ ಬರುವುದನ್ನು ನೋಡುತ್ತದೆ. ನೆಗೆಟಿವ್‌ಗೆ ಬೆಳಕು ಆಚೆ ಕಡೆಯಿಂದ ತೂರಿ ಬರಬೇಕು. ಮುಚ್ಚಳದಲ್ಲೂ ಲೈಟ್ ಇರುವ ಸ್ಕ್ಯಾನರ್ ಬೇರೆ ಸಿಗುತ್ತದೆ. ಅದಿಲ್ಲದಿದ್ದರೆ ಒಳ್ಳೇ ಕ್ಯಾಮೆರಾಕ್ಕೆ ಹತ್ತಿರದ್ದು ತೆಗೆಯುವ ಮ್ಯಾಕ್ರೊ ಲೆನ್ಸ್ ಹಾಕಿ, ಕೆಳಗೆ ಎಲ್‌ಇಡಿ ಪ್ಯಾನೆಲ್ ಇಟ್ಟು ಫೋಟೊ ಹೊಡೆಯಬಹುದು. ಎರಡೂ ಇಲ್ಲ ಅನ್ನುವವರಿಗೆ ಮೊಬೈಲೇ ಸಾಕು. ಲ್ಯಾಪ್‌ಟಾಪಿನಲ್ಲಿ ಬಿಳೀ ಪರದೆ ತೆರೆದು, ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಕಿ, ನೆಗೆಟಿವ್ ಒಂದೆರಡು ಇಂಚು ಮುಂದೆ ಹಿಡಿದು ಫೋಟೊ ತೆಗೆಯಿರಿ. ಪರದೆಗೆ ಅಂಟಿಸಿ ಹಿಡಿದರೆ ಅದರ ಚುಕ್ಕಿಗಳೆಲ್ಲ ಫೋಟೊದಲ್ಲಿ ಬೀಳುತ್ತವೆ. ಆಮೇಲೆ ಯಾವುದಾದರೂ ಆ್ಯಪಿನಲ್ಲಿ ಕಪ್ಪು ಬಿಳುಪು ತಿರುಗಿಸಿದರೆ ಮುಖ ಕಾಣುತ್ತದೆ. ಗುರುತು ಹಿಡಿಯಲು ಅಷ್ಟು ಸಾಲುತ್ತದೆ, ಇಟ್ಟುಕೊಳ್ಳಲು ಸಾಲದು.

ಸ್ಕ್ಯಾನರ್‌ನಲ್ಲಿ ಮಾಡಿಸುವವರು 2400 ಡಿಪಿಐಗಿಂತ, ಅಂದರೆ ಇಂಚಿಗೆ 2400 ಚುಕ್ಕಿಗಿಂತ, ಕಡಿಮೆ ಒಪ್ಪಬೇಡಿ. 35 ಎಂಎಂ ಫಿಲ್ಮಿನ ಒಂದು ಚೌಕಟ್ಟು ಬರೀ 24 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದ. ಜೆರಾಕ್ಸ್ ಕಾಗದಕ್ಕೆ ಮಾಡುವ ಹಾಗೆ 300ಕ್ಕೆ ಮಾಡಿ ಕೊಟ್ಟರೆ ಅಂಚೆ ಚೀಟಿ ಗಾತ್ರದ ಚಿತ್ರ ಬರುತ್ತದೆ. ಅಪ್ಪನ ಚೌಕ ನೆಗೆಟಿವ್ ದೊಡ್ಡದು, 2400ಕ್ಕೇ ಸುಮಾರು 28 ಮೆಗಾಪಿಕ್ಸೆಲ್ ಬರುತ್ತದೆ. ಅಷ್ಟು ಹಿಗ್ಗಿಸಿದಾಗ ಅಪ್ಪನಿಗೇ ಕಾಣದ ವಸ್ತುಗಳು ಹಿಂದೆ ಕಾಣುತ್ತವೆ. ಧೂಳು ತಾನೇ ಅಳಿಸುವ ಬಟನ್ನು ಕೆಲವು ಸ್ಕ್ಯಾನರ್‌ನಲ್ಲಿ ಇದೆ, ಇನ್‌ಫ್ರಾರೆಡ್ ಬೆಳಕಿನಿಂದ ಕೆಲಸ ಮಾಡುತ್ತದೆ. ಬಣ್ಣದ ಫಿಲ್ಮಿಗೆ ಅದು ಸರಿ. ಕಪ್ಪು ಬಿಳುಪಿನಲ್ಲಿ ಬೆಳ್ಳಿಯೇ ಆ ಬೆಳಕನ್ನು ತಡೆಯುವುದರಿಂದ ಅದು ಚಿತ್ರವನ್ನೇ ಧೂಳು ಅಂದುಕೊಳ್ಳುತ್ತದೆ. ಆಫ್ ಮಾಡಿಸಿ. ಗಂಗಾವತಿಯ ಧೂಳು ಗೊತ್ತಲ್ಲ, ಗಿರಣಿ ಕಡೆಯ ಕರೀ ಬೂದಿ ಬೇರೆ. ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಬಾಯಿಂದ ಊದಬೇಡಿ. ಉಗುಳು ಬಿದ್ದರೆ ಅದೂ ಒಂದು ಕಲೆ.

ಈಗ ನನಗೆ ಸಿಟ್ಟು ಬಂದ ವಿಷಯಕ್ಕೆ ಬರುತ್ತೇನೆ. ಸ್ಕ್ಯಾನರ್ ಕೊಳ್ಳುವ ಮುಂಚೆ ಅವ್ವನ ಒಂದು ನೆಗೆಟಿವ್ ಅನ್ನು ಬೇರೆ ಊರಿನ ಒಂದು ಅಂಗಡಿಗೆ ಕೊಟ್ಟಿದ್ದೆ. ಹೆಸರು ಬೇಡ. "ರಿಸ್ಟೋರ್ ಮಾಡಿ ಕೊಡ್ತೀವಿ ಅಂಕಲ್, ಕಲರೂ ಮಾಡ್ತೀವಿ" ಅಂದರು. ಮೂರು ದಿನಕ್ಕೆ ಮೊಬೈಲಿಗೆ ಬಂತು. ನೋಡಿದರೆ ಯಾರೋ ಧಾರಾವಾಹಿಯ ಹೆಂಗಸು. ಚರ್ಮ ಮೇಣ ಹಚ್ಚಿದ ಹಾಗೆ ನುಣ್ಣಗೆ. ಅವ್ವನ ಹಣೆ ಮೇಲೆ, ಗದ್ದದ ಮೇಲೆ ಹಚ್ಚೆ ಇತ್ತು. ಅವ್ವನ ವಾರಿಗೆಯ ಹೆಂಗಸರಲ್ಲಿ ಬಹಳ ಮಂದಿಗೆ ಇರುತ್ತಿತ್ತು. ಕಂಪ್ಯೂಟರು ಅದನ್ನು ಕಲೆ ಅಂದುಕೊಂಡು ಒರೆಸಿ ಹಾಕಿದೆ. ಸೀರೆಗೆ ಗಿಳಿ ಹಸಿರು ಬಳಿದಿದೆ. ಅದು ದಾಳಿಂಬೆ ಬಣ್ಣದ ಇಳಕಲ್ ಸೀರೆ ಅಂತ ಅಕ್ಕನಿಗೆ ಗೊತ್ತು, ನನಗೆ ಗೊತ್ತು. ಕಪ್ಪು ಬಿಳುಪು ಫಿಲ್ಮಿಗೆ ಗೊತ್ತಿಲ್ಲ, ಆ ಅಂಗಡಿಯ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಸಾಲದ್ದಕ್ಕೆ ನೆಗೆಟಿವ್ ಉಲ್ಟಾ ಇಟ್ಟು ಸ್ಕ್ಯಾನ್ ಮಾಡಿದ್ದರು. ಪಕ್ಕದಲ್ಲಿ ನಿಂತ ಅಪ್ಪನ ಅಂಗಿಯ ಜೇಬು ಎಡ ಎದೆ ಬಿಟ್ಟು ಬಲ ಎದೆಗೆ ಬಂದಿತ್ತು. ಫಿಲ್ಮಿನ ಒಂದು ಮಗ್ಗುಲು ಹೊಳೆಯುತ್ತದೆ, ಇನ್ನೊಂದು ಮಂಕು. ಚಿತ್ರ ಇರುವುದು ಮಂಕು ಮಗ್ಗುಲಲ್ಲಿ. ಅಷ್ಟು ನೋಡಿದ್ದರೆ ಸಾಕಿತ್ತು.

"ನೆಗೆಟಿವ್ ಎಲ್ಲಪ್ಪಾ?" ಅಂದೆ. "ಸ್ಕ್ಯಾನ್ ಆಯ್ತಲ್ಲ ಅಂಕಲ್, ಇನ್ಯಾಕದು?" ಅಂದ. ಹುಡುಕಿಸಿ ತರಲು ಮತ್ತೆ ಎರಡು ಸಲ ಓಡಾಡಿದೆ.

ಗೀರು ಅಳಿಸಲಿ, ಬೇಡ ಅನ್ನುವುದಿಲ್ಲ. ನಾನೂ ಫೋಟೊಶಾಪಿನಲ್ಲಿ ದಿನಗಟ್ಟಲೆ ಕೂತು ಅಳಿಸಿದ್ದೇನೆ. ಆದರೆ ಮೊದಲು ಏನೂ ಮುಟ್ಟದ ಸ್ಕ್ಯಾನ್ ಒಂದನ್ನು ಟಿಫ್ ಫೈಲಾಗಿ, ಅಂದರೆ ಚಿತ್ರದ ವಿವರ ಕಳೆಯದ ಫೈಲಾಗಿ, ಬೇರೆ ಇಡಬೇಕು. ಚಂದ ಮಾಡುವುದೆಲ್ಲ ಅದರ ನಕಲಿನ ಮೇಲೆ. ಮತ್ತೆ ನೆಗೆಟಿವ್ ಮನೆಗೆ ವಾಪಸ್ ಬರಲೇಬೇಕು. ಹಾರ್ಡ್ ಡಿಸ್ಕ್ ಕೈಕೊಟ್ಟರೆ ಅದರೊಳಗೆ ಏನಿತ್ತು ಅಂತ ತಿಳಿಯಲು ಬೆಂಗಳೂರಿಗೆ ಹೋಗಬೇಕು. ನೆಗೆಟಿವ್ ಹಾಗಲ್ಲ, ಕಿಟಕಿಗೆ ಹಿಡಿದರೆ ಸಾಕು. ನಾನು ಈಗ ಒಂದೊಂದನ್ನೂ ಕಾಗದದ ಕವರಿನಲ್ಲಿ ಹಾಕಿ, ಅಟ್ಟದಿಂದ ಇಳಿಸಿ, ನಡುಮನೆಯ ಗೂಡಿನಲ್ಲಿ ಕೆಳಗಿನ ಹಲಗೆ ಮೇಲೆ ಇಟ್ಟಿದ್ದೇನೆ. ಮನೆಯಲ್ಲಿ ತಂಪು ಇರುವುದು ಅಲ್ಲೇ. ಫೈಲುಗಳ ಒಂದು ನಕಲು ಇಲ್ಲಿ, ಒಂದು ಮಗಳ ಮನೆಯಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಲೆಕ್ಕಕ್ಕಿಲ್ಲ, ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ಎಲ್ಲಾ ಫೋಟೊ ಮನೆಯ ಗ್ರೂಪಿಗೆ ಹಾಕಲೂಬಾರದು ಅನ್ನುವುದು ಅಕ್ಕ ಫೋನ್ ಮಾಡಿ ಬೈದ ಮೇಲೆ ತಿಳಿಯಿತು. ಐವತ್ತು ವರ್ಷದ ಹಿಂದೆ ಮುರಿದ ಒಂದು ಸಂಬಂಧ ಅದರಲ್ಲಿ ನಗುತ್ತಾ ನಿಂತಿತ್ತು.

ಇಷ್ಟೆಲ್ಲ ಸುಮ್ನೆ ಮನೆಯ ಹಳೇ ನೆನಪಿಗೆ ಅಂತ ಯಾರಾದರೂ ಅಂದರೆ ಅವರಿಗೆ ಹಂಪಿಯ ಮಾತು ಹೇಳುತ್ತೇನೆ. ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ಹೊಳೆ ದಾಟಿದರೆ ತಳವಾರಘಟ್ಟ, ಅಲ್ಲಿಂದ ವಿಠ್ಠಲ ಗುಡಿ ಹತ್ತಿರ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಅಲ್ಲಿ ಫೋಟೊ ತೆಗೆದಿದ್ದ. ಆಗ ಫಿಲ್ಮ್ ಇರಲಿಲ್ಲ, ಮೇಣ ಹಚ್ಚಿದ ಕಾಗದವೇ ನೆಗೆಟಿವ್. ಆ ಕಾಗದಗಳು ಉಳಿದವು. ಅವುಗಳಲ್ಲಿ ನಮ್ಮ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ! ಈಗಿನ ರಥಕ್ಕೆ ಅದಿಲ್ಲ. ಐವತ್ತು ರೂಪಾಯಿ ನೋಟು ತೆಗೆದು ನೋಡಿ, ಮೇಲೆ ಬೋಳು. 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಫೋಟೊಗ್ರಾಫರ್ ಬಂದು ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಉಳಿಯಿತು, ಏನು ಬಿತ್ತು ಕಾಣುತ್ತದೆ. ಗ್ರೀನ್‌ಲಾನ ಕಾಗದಗಳನ್ನೂ ಯಾರೋ ತೂಕಕ್ಕೆ ಹಾಕಿದ್ದರೆ?

ರಾಜರ ಗುಡಿಗೆ ಫೋಟೊ ತೆಗೆಯುವವರು ಬಂದರು. ನಮ್ಮ ಕಾಲುವೆಗೆ, ಗದ್ದೆಗೆ, ಕ್ಯಾಂಪುಗಳಿಗೆ ಯಾರು ಬಂದರು? 1953ರಲ್ಲಿ ತುಂಗಭದ್ರಾ ಡ್ಯಾಂ ಆಗಿ, ಎಡದಂಡೆ ಕಾಲುವೆಯಲ್ಲಿ ನೀರು ಬಂದು, ಜೋಳದ ಹೊಲ ಭತ್ತದ ಗದ್ದೆಯಾಯಿತು. ಆಂಧ್ರದ ಕರಾವಳಿ ಕಡೆಯ ರೈತರು ಬಂದು ಗುಡಿಸಲು ಹಾಕಿದರು. ಇವತ್ತಿಗೂ ಊರಿನ ಹೆಸರೇ ಕ್ಯಾಂಪ್. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಬದುಕು ಪೂರ್ತಿ ಬದಲಾದ ಆ ವರ್ಷಗಳು ಉಳಿದಿರುವುದು ಇಂಥಾ ಟ್ರಂಕುಗಳಲ್ಲಿ, ಗೊಬ್ಬರದ ಚೀಲಗಳಲ್ಲಿ. ನಾನು ತಂದ ಎರಡು ಚೀಲದಲ್ಲಿ ಹೆಚ್ಚಿನವು ಪಾಸ್‌ಪೋರ್ಟ್ ಫೋಟೊ. ರೇಷನ್ ಕಾರ್ಡಿಗೆ, ಪಿಂಚಣಿಗೆ, ಎಸ್‌ಎಸ್‌ಎಲ್‌ಸಿ ಅರ್ಜಿಗೆ ತೆಗೆಸಿದವು. ಎಷ್ಟೋ ಜನ ಕೂಲಿಯವರು ಬದುಕಿನಲ್ಲಿ ತೆಗೆಸಿದ್ದು ಅದೊಂದೇ ಫೋಟೊ ಇರಬಹುದು.

ನನ್ನ ಬೇಡಿಕೆ ದೊಡ್ಡದೇನಲ್ಲ. ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಕೊಪ್ಪಳದ ಜಿಲ್ಲಾ ಗ್ರಂಥಾಲಯದಲ್ಲಿ ಒಂದು ಫಿಲ್ಮ್ ಸ್ಕ್ಯಾನರ್, ಅದನ್ನು ನಡೆಸಲು ಬರುವ ಒಬ್ಬರು, ವಾರಕ್ಕೆ ಎರಡು ದಿನ ಸಾಕು. ಜನ ನೆಗೆಟಿವ್ ತರಲಿ, ಅವರೆದುರಿಗೇ ಸ್ಕ್ಯಾನ್ ಮಾಡಿ ನೆಗೆಟಿವ್ ಅವರ ಕೈಗೇ ಕೊಡಲಿ. ಇಲಾಖೆಯವರು ಮೂಲ ಇಟ್ಟುಕೊಳ್ಳುವುದು ಬೇಡ, ಇಟ್ಟುಕೊಂಡದ್ದು ಎಲ್ಲಿ ಹೋಗುತ್ತದೆ ಅಂತ ನಮಗೂ ಗೊತ್ತು. ಯಾರು, ಯಾವ ಊರು, ಯಾವ ವರ್ಷ ಅಂತ ಬರೆಯುವ ಒಂದು ಚೀಟಿ ಇರಲಿ. ಒಪ್ಪಿದವರ ಚಿತ್ರ ಮಾತ್ರ ಬೇರೆಯವರಿಗೆ ತೋರಿಸಲಿ. ಸ್ಟುಡಿಯೊ ಮುಚ್ಚುವವರು ಗುಜರಿಗೆ ಹೋಗುವ ಮುಂಚೆ ಅಲ್ಲಿಗೆ ಒಂದು ಫೋನ್ ಮಾಡುವಂತಾಗಲಿ. ಅದು ಆಗುವವರೆಗೆ ನನ್ನ ಮನೆಯ ಸ್ಕ್ಯಾನರ್ ಇದೆ. ಭಾನುವಾರ ಬಂದವರಿಗೆ ದುಡ್ಡಿಲ್ಲದೆ ಮಾಡಿಕೊಡುತ್ತೇನೆ. ಚಹಾ ಮನೆಯಾಕೆಯ ಮರ್ಜಿ. ಪತ್ರಿಕೆಯ ಕಚೇರಿಯಲ್ಲಿ ನನ್ನ ವಿಳಾಸ ಕೊಟ್ಟಿದ್ದೇನೆ.

ಚೀಟಿಯ ಮಾತು ಯಾಕೆ ಅಂದರೆ, ಯಂತ್ರಕ್ಕಿಂತ ಹೆಸರು ಕಷ್ಟ. ಅಕ್ಕನಿಗೆ ಈಗ ಎಪ್ಪತ್ತೆರಡು. ಲ್ಯಾಪ್‌ಟಾಪ್ ಮುಂದೆ ಕೂರಿಸಿ ಒಂದೊಂದೇ ತೋರಿಸುತ್ತೇನೆ. "ಇಕಿ ನಮ್ಮ ಸಣ್ಣತ್ತಿ, ಇದು ಗೌಡರ ಮನೀ ಎತ್ತು" ಅನ್ನುತ್ತಾಳೆ. ಎತ್ತಿನ ಹೆಸರು ನೆನಪಿದೆ, ಅದರ ಪಕ್ಕ ನಿಂತ ಆಳಿನ ಹೆಸರಿಲ್ಲ. ಹೋದ ವರ್ಷ ಚಿಕ್ಕಪ್ಪ ಇದ್ದಾಗಲೇ ಕೂತಿದ್ದರೆ ಇನ್ನೂ ಹತ್ತು ಹೆಸರು ಸಿಗುತ್ತಿದ್ದವು.

ಈ ಪತ್ರದ ಜೊತೆ ಒಂದು ಚಿತ್ರ ಕಳಿಸಿದ್ದೇನೆ. ಜಾಗ ಇದ್ದರೆ ಹಾಕಿ. ಕಾಲುವೆ ದಂಡೆಯ ಮೇಲೆ ಐದು ಜನ ನಿಂತಿದ್ದಾರೆ. ಹಿಂದೆ ಒಂದು ಬೋರ್ಡು. ಹಿಗ್ಗಿಸಿದಾಗ ಓದಲು ಬಂತು: 'ಮೈಸೂರು ಸರ್ಕಾರ', ಅದರ ಕೆಳಗೆ 'ಜಿ. ರಾಯಚೂರು'. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಕೊಪ್ಪಳ ರಾಯಚೂರಿನಿಂದ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ ಫೋಟೊ 1973ರ ನವೆಂಬರ್‌ಗಿಂತ ಮುಂಚಿನದು ಇರಬೇಕು. ಬಲಗಡೆಯ ಕೊನೆಯವನು ನಮ್ಮಪ್ಪ, ಕ್ಯಾಮೆರಾ ಆಗ ಯಾರ ಕೈಗೆ ಕೊಟ್ಟಿದ್ದನೋ. ಎಡದಿಂದ ಮೂರನೆಯವರು ಯಾರು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎತ್ತರದ ಆಳು, ಮೊಣಕಾಲವರೆಗೆ ಎತ್ತಿ ಕಟ್ಟಿದ ಧೋತರ, ಬಲಗೈಲಿ ಮಡಚಿದ ಕೊಡೆ. ಮಿಕ್ಕ ನಾಲ್ವರೂ ಕ್ಯಾಮೆರಾ ನೋಡುತ್ತಿದ್ದರೆ ಅವರೊಬ್ಬರು ಕಾಲುವೆಯ ನೀರು ನೋಡುತ್ತಿದ್ದಾರೆ. ನಿಮ್ಮ ಮನೆಯ ಅಜ್ಜನೋ ದೊಡ್ಡಪ್ಪನೋ ಅನ್ನಿಸಿದರೆ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಒಂದು ದೊಡ್ಡ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ.

ನಿಮ್ಮ ಓದುಗ,
ಗಂಗಾವತಿ, ಕೊಪ್ಪಳ ಜಿಲ್ಲೆ